ಮೀನಿನ ದಿನದ ಗುಳಿಗೆಗಳು

ಪೆನಾ ಅಜ್ಜಿ ಗಾಬ್ರೊವೊ ಊರಿನ ಬಟ್ಟೆ ಗಿರಣಿಯಲ್ಲಿ ಮೂವತ್ತೆರಡು ವರ್ಷ ಮಗ್ಗದ ಮುಂದೆ ನಿಂತವಳು. ಈಗ ಎಪ್ಪತ್ತಾರು. ಹಟದಲ್ಲಿ ಅವಳನ್ನು ಮೀರಿಸುವವರು ನಮ್ಮ ಬೀದಿಯಲ್ಲಿಲ್ಲ. ನನ್ನ ಬಾಯಿಯೂ ಕಡಿಮೆಯದಲ್ಲ ಅನ್ನಿ. ಅವಳ ಎದುರುಮನೆಯಲ್ಲೇ ನನ್ನ ಔಷಧಿ ಅಂಗಡಿ.

ಈ ಚಳಿಗಾಲ ಮೆಟ್ಟಿಲ ಮೇಲೆ ಜಾರಿ ಬಲ ಮಣಿಕಟ್ಟು ಮುರಿದುಕೊಂಡಳು. ಮೂಳೆ ಟೊಳ್ಳಾಗಿದೆ, ಇನ್ನೊಮ್ಮೆ ಬಿದ್ದರೆ ಸೊಂಟವೇ ಹೋದೀತು ಎಂದರು ಡಾಕ್ಟರು. ಅವಳ ಅಕ್ಕ ಸೊಂಟ ಮುರಿದು ಎರಡು ವರ್ಷ ಹಾಸಿಗೆ ಹಿಡಿದೇ ತೀರಿಕೊಂಡಿದ್ದಳು. ಮೈ ಒರೆಸಿ ಬಟ್ಟೆ ಬದಲಿಸಿದವಳು ಇವಳೇ. ಸಾವಿಗಿಂತ ಆ ಹಾಸಿಗೆಗೆ ಅವಳು ಹೆದರುತ್ತಿದ್ದಳು.

ಡಾಕ್ಟರ ಚೀಟಿಯಲ್ಲಿ ಮೂಳೆಯ ಮಾತ್ರೆಯ ಜೊತೆ ಕ್ಯಾಲ್ಸಿಯಂ, ಡಿ ವಿಟಮಿನ್ ಎಂದಿತ್ತು. ಅಜ್ಜಿಗೆ ಟೀವಿ ಜಾಹೀರಾತಿನಲ್ಲಿ ಬರುವ ದೊಡ್ಡ ವಿಟಮಿನ್ ಡಬ್ಬಿಯೇ ಬೇಕಂತೆ.

"ಅದ್ರಲ್ಲಿ ಹದಿನಾಲ್ಕು ಬಗೆ ಇದೆ. ನಿಂಗೆ ಬೇಕಾದ್ದು ಎರಡೇ. ಮಿಕ್ಕಿದ್ದು ಡಬ್ಬಿಗೆ ಸಿಂಗಾರ," ಎಂದು ಕ್ಯಾಲ್ಸಿಯಂ ಮಾತ್ರೆಯನ್ನೂ ಹೊಂಬಣ್ಣದ ಡಿ ಗುಳಿಗೆಯನ್ನೂ ಕೊಟ್ಟೆ.

ಅಷ್ಟರಲ್ಲಿ ಈಸ್ಟರಿನ ಮುಂಚಿನ ಏಳು ವಾರದ ಉಪವಾಸ ಶುರುವಾಯಿತು. ಮಾಂಸ, ಮೊಟ್ಟೆ, ಹಾಲು, ಮೊಸರು ಯಾವುದೂ ಇಲ್ಲ. ನಡುವೆ ಮಾರ್ಚ್ ಇಪ್ಪತ್ತೈದರ ಮೇರಿ ಮಾತೆಯ ಹಬ್ಬಕ್ಕೆ, ಆಮೇಲೆ ಈಸ್ಟರಿನ ಹಿಂದಿನ ಗರಿಗಳ ಭಾನುವಾರಕ್ಕೆ ಮಾತ್ರ ಮೀನಿಗೆ ಅಪ್ಪಣೆ. ಅವತ್ತು ಅಜ್ಜಿ ಊಟಕ್ಕೆ ಕರೆದಳು. ಹೋದರೆ ಹುರಿದ ಮೀನಿನ ಪಕ್ಕ ಬಟ್ಟಲಲ್ಲಿ ಹೊಂಬಣ್ಣದ ಗುಳಿಗೆಗಳ ರಾಶಿ.

"ಇದೇನಜ್ಜಿ?"

"ಇಪ್ಪತ್ಮೂರು ದಿನದ್ದು. ಡಬ್ಬಿ ಮೇಲೆ ಮೀನೆಣ್ಣೆ ಅಂತ ಬರ್ದಿದೆ, ಉಪವಾಸದಲ್ಲಿ ಹೆಂಗೆ ನುಂಗ್ಲಿ? ಇವತ್ತು ಅಪ್ಪಣೆ ಇದ್ಯಲ್ಲ, ಒಟ್ಟಿಗೇ ಮುಗಿಸ್ತೀನಿ."

ಬಟ್ಟಲು ಕಿತ್ತುಕೊಂಡೆ. "ತಲೆಗಿಲೆ ಕೆಟ್ಟಿದ್ಯಾ? ತಿಂಗಳ ಊಟ ಒಂದೇ ದಿನ ಉಣ್ತೀಯಾ? ಪಾದ್ರಿಗಳನ್ನಾದ್ರೂ ಕೇಳ್ಬಾರ್ದಿತ್ತಾ?"

"ಕೇಳ್ದೆ. ಔಷಧಿಗೆ ಉಪವಾಸ ಇಲ್ಲ ಅಂದ್ರು. ಗಡ್ಡ ಈಗಿನ್ನೂ ಮೂಡ್ತಿದೆ, ಅವ್ರಿಗೇನು ಗೊತ್ತು? ನನ್ನ ಮೇಲ್ಯಾಕೆ ಹಾರಾಡ್ತೀಯ? ಮೀನೆಣ್ಣೆ ಕೊಟ್ಟೋಳು ನೀನು. ನಾನು ಉಪವಾಸ ಮಾಡೋದು ನಿಂಗೊತ್ತಿಲ್ವಾ?"

ಗೊತ್ತಿತ್ತು. ಪ್ರತಿವರ್ಷ ಈ ಏಳು ವಾರ ಅವಳ ಅಡುಗೆಮನೆಯಿಂದ ಬೀನ್ಸ್ ಕಾಳು ಬೇಯುವ ವಾಸನೆ ನನ್ನ ಅಂಗಡಿಗೇ ಬರುತ್ತದೆ. ಆದರೂ ಮೀನೆಣ್ಣೆ ಆಗುತ್ತದೆಯೇ ಎಂದು ಅವಳನ್ನು ಒಂದು ಮಾತು ಕೇಳಿರಲಿಲ್ಲ. ನಾಚಿಕೆಯಾಯಿತು. ತಪ್ಪು ನನ್ನದು, ಕೂಗಾಡಿದ್ದು ಅವಳ ಮೇಲೆ.

ಮಾರನೆಯ ದಿನ ಕಲ್ಲುಹೂವಿನಿಂದ ತೆಗೆದ ಡಿ ಹನಿ ತೋರಿಸಿದೆ. "ಎಣ್ಣೇಲಿ ಕಲಸಿದ್ದಾ? ಬುಧವಾರ, ಶುಕ್ರವಾರ ಎಣ್ಣೇನೂ ಇಲ್ಲ," ಎಂದಳು. ಹಲ್ಲು ಕಡಿದುಕೊಂಡು ನಾಲ್ಕು ಕಡೆ ಫೋನ್ ಮಾಡಿ, ಅದೇ ಕಲ್ಲುಹೂವಿನ ಒಣ ಮಾತ್ರೆ ತರಿಸಿದೆ. ಎಷ್ಟು ಕೊಡಬೇಕೆಂದು ಡಾಕ್ಟರನ್ನೂ ಕೇಳಿದೆ. ಅವತ್ತಿನಿಂದ ದಿನಾ ಬೆಳಿಗ್ಗೆ ಕಿಟಕಿಯಲ್ಲಿ ನಿಂತು, ನನಗೆ ಕಾಣುವಂತೆ ನುಂಗಿದಳು.

ಈಸ್ಟರ್ ಬೆಳಿಗ್ಗೆ ಕೆಂಪು ಬಣ್ಣ ಹಾಕಿ ಬೇಯಿಸಿದ ಹಬ್ಬದ ಮೊಟ್ಟೆ ಹಿಡಿದು ಬಂದಳು, ಮುರಿದಿದ್ದ ಬಲಗೈಯಲ್ಲೇ. ಮೊಟ್ಟೆಗೆ ಮೊಟ್ಟೆ ಕುಟ್ಟುವಾಗ ಯಾರದ್ದು ಒಡೆಯುವುದಿಲ್ಲವೋ ಅವರಿಗೆ ವರ್ಷವಿಡೀ ಆರೋಗ್ಯ ಎಂದು ನಂಬಿಕೆ. ನಾನು ನನ್ನ ಮೊಟ್ಟೆ ಮುಂದೆ ಹಿಡಿದೆ, ಅವಳು ಕುಟ್ಟಿದಳು. ನನ್ನದು ಒಡೆಯಿತು.

"ನೋಡು," ಎಂದಳು, ಕಣ್ಣು ತುಂಬಿತ್ತು. "ಈ ವರ್ಷ ನಾನು ಹಾಸಿಗೆ ಹಿಡಿಯಲ್ಲ, ವೆಲಿಕಾ."

ನನ್ನ ಮೊಟ್ಟೆಯ ಗಟ್ಟಿಯಾದ ಚೂಪು ತುದಿಯನ್ನು ಬೆರಳಲ್ಲಿ ಮುಚ್ಚಿಕೊಂಡು, ಬೇಗ ಒಡೆಯುವ ಪಕ್ಕೆಯನ್ನು ನಾನು ಬೇಕೆಂದೇ ಕೊಟ್ಟಿದ್ದೆ.