ಕೋಡಿಹಳ್ಳಿಗೆ ಹೋದ ಗಿಲಕಿ

ಬಲಗೈ ಹೆಬ್ಬೆರಳಿನ ಉಗುರೊಂದನ್ನು ಮಾತ್ರ ನಮ್ಮ ಸಾಹುಕಾರರು ಕತ್ತರಿಸುತ್ತಿರಲಿಲ್ಲ. ಬಣ್ಣದ ಕಾಗದವನ್ನು ಡಬ್ಬಿಯ ಮೂಲೆಗೆ ಮಡಿಸಿ ಆ ಉಗುರಿನಿಂದ ಒಮ್ಮೆ ಗೀರಿದರೆ ಇಸ್ತ್ರಿ ಹಾಕಿದಂತೆ ಗೆರೆ ಬೀಳುತ್ತಿತ್ತು. ಟೇಪು ಕತ್ತರಿಸಿ ಕೊಡುವುದು ನನ್ನ ಕೆಲಸ. ಅದೂ ಕಾಣಬಾರದು, ಎಲ್ಲ ಅಂಚೂ ಡಬ್ಬಿಯ ಅಡಿಗೇ ಹೋಗಬೇಕು. "ಮ್ಯಾಗಡೆ ಸುಕ್ಕು ಕಾಣ್ಸಿದ್ರೆ ಕೊಡೋರ ಮಾನ ಹೋಯ್ತದೆ ಕಣವ್ವ" ಅನ್ನುತ್ತಿದ್ದರು.

ಚನ್ನಪಟ್ಟಣದ ಹಳೇ ಹೆದ್ದಾರಿಯ ಬದಿಯಲ್ಲಿ ಅವರದು ಗೊಂಬೆ ಅಂಗಡಿ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ನಾನು ಅಲ್ಲಿ ಕೆಲಸಕ್ಕೆ ಸೇರಿದ್ದೆ. ಒಂದು ಬುಗುರಿ ಕೊಂಡವರನ್ನೂ ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಡಬ್ಬಿ ಸುತ್ತಿ ಕೊಡುತ್ತಿದ್ದ ಮನುಷ್ಯ ಅವರು. ಬೈಪಾಸ್ ಆದ ಮೇಲೆ ಮೈಸೂರಿನ ಕಡೆ ಹೋಗುವ ಕಾರುಗಳು ಊರೊಳಗೆ ಬರುವುದು ನಿಂತಿತು. ಮಧ್ಯಾಹ್ನವಾದರೂ ಬೋಣಿಯಾಗದ ದಿನಗಳು ಬಂದವು. ಹಾಗಿರುವಾಗ ಒಮ್ಮೆ ಬೆಂಗಳೂರಿನಿಂದ ಒಂದಷ್ಟು ರಟ್ಟಿನ ಪೆಟ್ಟಿಗೆಗಳು ಬಂದಿಳಿದವು. ಒಳಗಿದ್ದ ಗೊಂಬೆಗಳು ನೋಡಲು ನಮ್ಮೂರಿನವುಗಳ ಹಾಗೆಯೇ ಇದ್ದವು. ಎಲ್ಲಿಯ ಮಾಲೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅದೇ ವಾರ ನನ್ನ ತವರೂರು ಕೋಡಿಹಳ್ಳಿಯಿಂದ ಹಿರಿಯರೊಬ್ಬರು ಬಂದರು. ಊರಿನ ವರಸೆಯಲ್ಲಿ ನನಗೆ ದೊಡ್ಡಪ್ಪ. ಅವರ ಮಗಳ ಮಗುವಿಗೆ ಮಾರನೆಯ ದಿನ ನಾಮಕರಣ.

"ನಮ್ಮೂರ ಹುಡ್ಗಿ ಇರೋ ಅಂಗ್ಡಿ ಅಂತ ಹುಡೀಕ್ಕೊಂಡು ಬಂದೆ. ಮಗೀಗೆ ಒಂದು ಗಿಲಕಿ ಬೇಕು. ಬಾಯಿಗಿಕ್ಕೊಂಡ್ರೂ ಏನೂ ಆಗ್ಬಾರ್ದು. ಇಲ್ಲಿನ ಅರಗಿನ ಬಣ್ಣದ್ದೇ ತಾನೆ?"

ಸಾಹುಕಾರರು ಹೊಸ ಪೆಟ್ಟಿಗೆಯಿಂದ ಕೆಂಪು ಗಿಲಕಿಯೊಂದನ್ನು ತೆಗೆದು "ಹೂಂ" ಅಂದರು. ಅದನ್ನು ಪುಟ್ಟ ಡಬ್ಬಿಯಲ್ಲಿಟ್ಟು, ಎಂದಿಗಿಂತ ಚೆನ್ನಾಗಿ ಸುತ್ತಿ, ಮೇಲೊಂದು ರಿಬ್ಬನ್ನಿನ ಹೂ ಕಟ್ಟಿದರು.

ದೊಡ್ಡಪ್ಪ ಹೋದ ಮೇಲೆ ಅವರು ಊಟಕ್ಕೆ ಏಳಲಿಲ್ಲ. ಅಂಥದೇ ಇನ್ನೊಂದು ಗಿಲಕಿ ತೆಗೆದು ಒದ್ದೆ ಬಟ್ಟೆಯಿಂದ ಉಜ್ಜಿದರು. ಬಟ್ಟೆ ಕೆಂಪಾಯಿತು. ನಾನು ನೋಡುತ್ತಿದ್ದೇನೆಂದು ತಿಳಿದು ಅದನ್ನು ಮುಷ್ಟಿಯಲ್ಲಿ ಮುದುರಿಕೊಂಡರು. ಆಮೇಲೆ, "ನಾಳೀಕೆ ನಂಜೊತೆ ಕೋಡಳ್ಳಿಗೆ ಬಂದೀಯಾ?" ಎಂದು ಕೇಳಿದರು.

ಸಂಜೆ ಪರಿಚಯದ ಗೊಂಬೆ ಕೆಲಸದವರ ಮನೆಯಲ್ಲಿ ಕೂತು ಅರಗಿನ ಬಣ್ಣದ ಗಿಲಕಿಯೊಂದನ್ನು ಮಾಡಿಸಿಕೊಂಡು ಬಂದರು. ಅದೇ ಅಳತೆ, ಅದೇ ಕೆಂಪು. ಸುತ್ತಿದ್ದೂ ಅದೇ ಕಾಗದದಲ್ಲಿ.

"ನೀನು ಒಳೀಕೋಗಿ ಅದ್ನ ಎತ್ಕೊಂಡು ಇದ್ನ ಮಡಗ್ಬುಡು. ಯಾರ್ಗೂ ಗೊತ್ತಾಗಾಕಿಲ್ಲ" ಎಂದು ಬಸ್ಸಿನಲ್ಲಿ ಹೇಳಿದರು. ನನಗೂ ಅದೇ ಸರಿ ಅನ್ನಿಸಿತು. ತವರಿನಲ್ಲಿ ನನ್ನ ಮಾನವೂ ಉಳಿಯುತ್ತಿತ್ತಲ್ಲ.

ಮನೆ ಮುಂದೆ ಶಾಮಿಯಾನ ಹಾಕಿದ್ದರು. ದೊಡ್ಡಪ್ಪ ಹಿಗ್ಗಿನಿಂದ ಸಾಹುಕಾರರ ಕೈ ಹಿಡಿದು ತೊಟ್ಟಿಲ ಬಳಿಗೇ ಕರೆದೊಯ್ದರು. "ಅಂಗ್ಡಿ ಸಾವ್ಕಾರ್ರೇ ಬಂದವ್ರೆ ನೋಡವ್ವ!"

ಬಾಣಂತಿ ಮಗಳು ನಕ್ಕಳು. ಡಬ್ಬಿ ಮಗುವಿನ ತಲೆಯ ಹತ್ತಿರವೇ ಇತ್ತು. "ಇಷ್ಟು ಚೆಂದಾಗಿ ಸುತ್ತಿದ್ದೀರ, ಬಿಚ್ಚಾಕೆ ಮನಸ್ಸೇ ಬರ್ನಿಲ್ಲ. ಹಂಗೇ ಮಡಗಿವ್ನಿ" ಅಂದಳು.

ನಾನು ಆಗಲೇ ಚೀಲದೊಳಗೆ ಕೈ ಹಾಕಿದ್ದೆ. ಸಾಹುಕಾರರು ನನ್ನನ್ನು ತಡೆದರು. ಆ ಡಬ್ಬಿಯನ್ನು ಎತ್ತಿಕೊಂಡು ಎಲ್ಲರೆದುರು ಕಾಗದವನ್ನು ಪರ್ರನೆ ಹರಿದರು.

"ಇದು ನಮ್ಮೂರ್ದಲ್ಲ ಕಣವ್ವ. ಬಣ್ಣ ಬುಡ್ತದೆ. ಮಗೀಗೆ ಕೊಡ್ಬ್ಯಾಡ."

ದೊಡ್ಡಪ್ಪ ಸಾಹುಕಾರರನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನಿಂಗೂ ಗೊತ್ತಿತ್ತೇನವ್ವ?"

ನಾನು ಚೀಲದ ಬಾಯಿ ಮುದುರಿ ಹಿಡಿದುಕೊಂಡೆ.

"ಆ ಹೆಣ್ಮಗೀಗೆ ಗೊತ್ತಿರ್ನಿಲ್ಲ ಗೌಡ್ರೇ. ನಿನ್ನೆ ಸುಳ್ಳು ಹೇಳಿದ್ದು ನಾನು. ಬಯ್ಯೋದಾದ್ರೆ ನನ್ನ ಬಯ್ಯಿ" ಅಂದರು ಸಾಹುಕಾರರು.

ದೊಡ್ಡಪ್ಪ ಬೈಯಲಿಲ್ಲ. ನಾನು ಕೊಟ್ಟ ಹೊಸ ಗಿಲಕಿಯನ್ನು ತೆಗೆದುಕೊಂಡು, ಪಂಚೆಯ ಅಂಚನ್ನು ಒದ್ದೆ ಮಾಡಿ, ನಮ್ಮೆದುರೇ ಉಜ್ಜಿ ನೋಡಿದರು. ಅಷ್ಟೂ ಹೊತ್ತು ಸಾಹುಕಾರರು ತಪ್ಪು ಮಾಡಿದ ಶಾಲೆಯ ಹುಡುಗನಂತೆ ಕೈಕಟ್ಟಿಕೊಂಡು ನಿಂತಿದ್ದರು. ಪಂಚೆಗೆ ಬಣ್ಣ ಹತ್ತಲಿಲ್ಲ. ಗಿಲಕಿಯನ್ನು ಮಗುವಿನ ಪಕ್ಕ ಇಟ್ಟ ದೊಡ್ಡಪ್ಪ ಎತ್ತಲೋ ನೋಡುತ್ತ, "ಪಂಕ್ತಿ ಕೂತೈತೆ. ಉಂಡ್ಕೊಂಡು ಹೋಗಿ" ಅಂದರು.

ಎಲೆಯ ಮುಂದೆ ಸಾಹುಕಾರರು ತಲೆ ಎತ್ತಲಿಲ್ಲ. ಬಡಿಸಿದ್ದನ್ನೆಲ್ಲ ಒಂದಗುಳೂ ಬಿಡದೆ ಉಂಡರು. ವಾಪಸು ಬರುವಾಗ ಬಸ್ಸು ಕನಕಪುರ ದಾಟಿತು. ಆಮೇಲೆ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಹೇಳಿದರು: "ಊಟ ಹಾಕ್ದೆ ಆಚೀಕೆ ತಳ್ಳಿದ್ರೆ ಒಸಿ ಸಲೀಸಾಗಿರೋದು ಕಣವ್ವ."

ಹೊರಗಿನ ಮಾಲನ್ನು ಅವರು ವಾಪಸು ಕಳಿಸಿದರು. ಕಪಾಟುಗಳು ಅರ್ಧ ಖಾಲಿಯೇ ಉಳಿದವು. ಅಲ್ಲಿಂದಾಚೆ ಗೊಂಬೆಯನ್ನು ಗಿರಾಕಿಯ ಕೈಗಿತ್ತು, "ಉಜ್ಜಿ ನೋಡ್ಬುಡಿ" ಅನ್ನದೆ ಕಾಗದ ಮುಟ್ಟುತ್ತಿರಲಿಲ್ಲ. ಆ ಮಾತು ಕೇಳಿದಾಗಲೆಲ್ಲ ನನ್ನ ಮುಖ ಬಿಸಿಯಾಗುತ್ತಿತ್ತು. ತವರಿಗೆ ಹೋದರೆ ದೊಡ್ಡಪ್ಪನ ಬೀದಿ ಬಿಟ್ಟು ಸುತ್ತಿ ಬಳಸಿ ಓಡಾಡುತ್ತಿದ್ದೆ.

ಕಳೆದ ವರ್ಷ ಸಾಹುಕಾರರು ತೀರಿಕೊಂಡರು. ಸುದ್ದಿ ಯಾರು ಮುಟ್ಟಿಸಿದರೋ, ಹಾರ ಹಿಡಿದು ದೊಡ್ಡಪ್ಪ ಬಂದಿದ್ದರು. ಕಂಡೊಡನೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಕೋಡಿಹಳ್ಳಿಯ ವಿಷಯ ಸಾಹುಕಾರರ ಮನೆಯವರಿಗೆ ತಿಳಿದಿರಲಿಲ್ಲ, ನಾನೂ ಬಾಯಿ ಬಿಟ್ಟಿರಲಿಲ್ಲ.

"ತಾವ್ಯಾರು ಅಂತ ಗೊತ್ತಾಗ್ಲಿಲ್ಲ. ನಮ್ಮಪ್ಪಂಗೆ ಹೆಂಗೆ ಪರಿಚಯ?" ಎಂದು ಸಾಹುಕಾರರ ಮಗ ಕೇಳಿದ.

ದೊಡ್ಡಪ್ಪ ಒಮ್ಮೆ ನನ್ನ ಕಡೆ ನೋಡಿದರು. ಬಾಗಿ, ಹಾರವನ್ನು ಸಾಹುಕಾರರ ಪಾದದ ಮೇಲಿಟ್ಟರು.

"ನಮ್ಮನೇಲಿ ಉಂಡೋರು ಕಣಪ್ಪ" ಅಂದರು.