ಅಂಕಲ್ ಬರೆದಿಟ್ಟ ಶನಿವಾರದ ಪಟ್ಟಿ

ಅಂಕಲ್‌ಗೆ ನಾನು ಕೊಟ್ಟದ್ದು ಒಂದೇ ಒಂದು ಮಾತು. ಅವರು ಸತ್ತಾಗ ಸ್ಯಾಕ್ಸೋಫೋನ್ ಊದುತ್ತೇನೆ ಎಂದಿದ್ದೆ. ಊದಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಏನೇ ಬರೆದರೂ ನನ್ನ ಪರವಾಗಿ ವಾದ ಮಾಡಿದಂತೆ ಕೇಳುತ್ತದೆ, ವಾದ ಮಾಡುವುದರಲ್ಲಿ ನಾನೇನೂ ಹಿಂದೆ ಬಿದ್ದವನಲ್ಲ.

ಅಂಕಲ್ ಅಂದರೆ ಸಂಬಂಧಿಕರಲ್ಲ. ಮಂಗಳೂರು ಕಡೆಯ ಕ್ರೈಸ್ತರು, ಎಪ್ಪತ್ತರ ಹತ್ತಿರದ ವಯಸ್ಸು. ಅಬುಧಾಬಿಯ ಖಾಲಿದಿಯಾದ ಒಂದು ಹೋಟೆಲಿನಲ್ಲಿ ವರ್ಷಗಟ್ಟಲೆ ಪಿಯಾನೋ ನುಡಿಸಿದವರು. ಹೋಟೆಲಿನವರು ಪಿಯಾನೋ ತೆಗೆದು ಆ ಜಾಗದಲ್ಲಿ ದೊಡ್ಡ ಟಿವಿ ಇಟ್ಟ ಮೇಲೆ ದುಬೈಗೆ ಬಂದು, ದೇರಾದ ಒಂದು ಸೂಟ್‌ಕೇಸ್ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸಕ್ಕೆ ಸೇರಿಕೊಂಡಿದ್ದರು. ಮಾಲಕರು ಬ್ಯಾರಿಗಳು, ಅಂದರೆ ನಮ್ಮ ಕರಾವಳಿಯ ಮುಸ್ಲಿಮರು, ನಮ್ಮ ಜಿಲ್ಲೆಯವರೇ. ಅಂಗಡಿಯ ಮೇಲಿನ ಕೋಣೆ ಖಾಲಿ ಬಿದ್ದಿತ್ತು. ಅದನ್ನು ಅವರು ಅಂಕಲ್‌ಗೆ ಬಿಟ್ಟುಕೊಟ್ಟಿದ್ದರು. ಆ ಕೋಣೆಯೇ ರೇಡಿಯೋ ಸ್ಟೇಷನ್.

ಸ್ಟೇಷನ್ ಅಂದಾಕ್ಷಣ ದೊಡ್ಡದಾಗಿ ಏನೂ ಕಲ್ಪಿಸಿಕೊಳ್ಳಬೇಡಿ. ಗೋಡೆಗೆ ಹಳೆಯ ಕಾರ್ಪೆಟ್ ಹೊಡೆದಿದ್ದರು, ಎರಡು ಮೈಕ್, ಒಂದು ಕಂಪ್ಯೂಟರ್, ಅಂಕಲ್‌ರ ಎಲೆಕ್ಟ್ರಿಕ್ ಪಿಯಾನೋ, ಸದಾ ಗೊರ ಗೊರ ಎನ್ನುವ ಒಂದು ಏಸಿ. ಪರವಾನಗಿಯ ಕಾಗದಕ್ಕೆ ಚೌಕಟ್ಟು ಹಾಕಿಸಿ ದೇವರ ಫೋಟೋ ಇಡುವ ಎತ್ತರದಲ್ಲಿ ತೂಗುಹಾಕಿದ್ದರು. ಇಂಟರ್‌ನೆಟ್ಟಿನಲ್ಲಿ ಕೇಳುವ ರೇಡಿಯೋ ಅದು. ಜಾಝ್ ಹುಚ್ಚು ಹಿಡಿದ ಆರೇಳು ಜನ ತಮ್ಮ ತಮ್ಮ ರಜೆಯ ದಿನ ಬಂದು ನಡೆಸುತ್ತಿದ್ದರು. ಅವರಲ್ಲಿ ಅಂಕಲ್ ಬಿಟ್ಟರೆ ನನಗೆ ಹತ್ತಿರವಿದ್ದವರು ಫಿಲಿಪ್ಪೀನ್ಸಿನ ಒಬ್ಬರು ನರ್ಸ್. ರಾತ್ರಿ ಡ್ಯೂಟಿ ಮುಗಿಸಿ ಬಂದು, ಕಣ್ಣು ಕೆಂಪಗಿದ್ದರೂ ಮೈಕಿನ ಮುಂದೆ ಕೂತರೆ ಈಗಷ್ಟೇ ಸ್ನಾನ ಮಾಡಿ ಬಂದವರ ಹಾಗೆ ಮಾತಾಡುತ್ತಿದ್ದರು.

ನಾನು ಅಲ್ಲಿಗೆ ಹೇಗೆ ಸೇರಿದೆ ಎಂದರೆ, ನಮ್ಮದು ದೇವಸ್ಥಾನದ ವಾದ್ಯದ ಮನೆ. ಉಡುಪಿ ಕಡೆ ಸ್ಯಾಕ್ಸೋಫೋನ್ ಎಂದರೆ ಬಾರಿನ ವಸ್ತುವಲ್ಲ, ಮಂಗಳವಾದ್ಯ. ದೇವರ ಉತ್ಸವಕ್ಕೆ, ಮದುವೆಯ ಧಾರೆಗೆ ಊದುವಂಥದ್ದು. ಕಲಿಸಿದ್ದು ನನ್ನ ಸೋದರಮಾವ, ವಾದ್ಯ ಕೊಟ್ಟದ್ದೂ ಅವರೇ. ದುಬೈನ ಜೆಬೆಲ್ ಅಲಿ ಬಂದರಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್ ಕೆಲಸ ಸಿಕ್ಕಿ ಹೊರಟಾಗ ಅದನ್ನೂ ಹೊತ್ತು ತಂದಿದ್ದೆ. ಇಲ್ಲಿನ ನಮ್ಮ ತುಳುವರ ಸಂಘದ ಪೂಜೆಗಳಲ್ಲಿ ಊದುತ್ತಿದ್ದೆ. ಅಂಥ ಒಂದು ಪೂಜೆಯ ದಿನ, ಜನರೆಲ್ಲ ಊಟಕ್ಕೆ ನುಗ್ಗುತ್ತಿರುವಾಗ, ಬಿಳಿ ಕೂದಲಿನ ಒಬ್ಬರು ವೇದಿಕೆಗೇ ಬಂದು ವಾದ್ಯದ ಬಾಯಿಗೆ ಹಚ್ಚಿದ್ದ ಗಂಧ, ಕುಂಕುಮವನ್ನು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಇದಕ್ಕೆ ಬೊಟ್ಟು ಕೂಡ ಇಟ್ಟಿದ್ದೀಯಲ್ಲ ಮಾರಾಯ! ಒಂದು ಶನಿವಾರ ನಮ್ಮ ರೇಡಿಯೋಕ್ಕೆ ಕರ್ಕೊಂಡು ಬಾ ಇದನ್ನು" ಎಂದರು. ನಮ್ಮಿಬ್ಬರ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಹೋದೆ. ಜಾಝ್ ಎನ್ನುವುದು ನನಗೆ ಕೊನೆಯವರೆಗೂ ಪೂರ್ತಿ ತಲೆಗೆ ಹತ್ತಲಿಲ್ಲ. ಒಂದು ದಾರಿ ಹಿಡಿದು ಹೊರಟವರು ನಡುವೆ ಎಲ್ಲೆಲ್ಲೋ ನುಗ್ಗಿ, ಮತ್ತೆ ಹೇಗೋ ಒಟ್ಟಿಗೆ ಮನೆಗೆ ಬರುತ್ತಾರೆ ಎಂಬಷ್ಟು ಗೊತ್ತಾಯಿತು. ಆದರೆ ನಾನು ಮೋಹನ ರಾಗ ಎತ್ತಿಕೊಂಡರೆ ಅಂಕಲ್ ಪಿಯಾನೋದಲ್ಲಿ ಕೆಳಗಿನಿಂದ ಕೈ ಕೊಡುತ್ತಿದ್ದರು. ಬೀಳುವುದಿಲ್ಲ ಎಂಬ ಧೈರ್ಯ ಬರುತ್ತಿತ್ತು. ತಿಂಗಳಿಗೊಮ್ಮೆ ಕೇಳುಗರ ಕೂಟ ಇರುತ್ತಿತ್ತು, ಕೆಲವೊಮ್ಮೆ ದೇರಾದಲ್ಲಿ, ಕೆಲವೊಮ್ಮೆ ಖಾಲಿದಿಯಾದಲ್ಲಿ ಯಾರದೋ ಫ್ಲ್ಯಾಟಿನ ಹಾಲ್‌ನಲ್ಲಿ. ಅಲ್ಲಿ ನನ್ನನ್ನು "ಜೆಬೆಲ್ ಅಲಿಯ ಗೆಳೆಯ" ಎಂದೇ ಪರಿಚಯಿಸುತ್ತಿದ್ದರು. ಗೋದಾಮಿನಲ್ಲಿ ನನ್ನನ್ನು ಕರೆಯುತ್ತಿದ್ದದ್ದು ಬ್ಯಾಡ್ಜ್ ನಂಬರಿನಿಂದ. ಹಾಗಾಗಿ ಆ ಕೂಟವನ್ನು ನಾನು ಒಂದು ಸಲವೂ ತಪ್ಪಿಸಿದ್ದಿಲ್ಲ.

ಅಂಕಲ್‌ಗೆ ಜಾಝ್‌ನಷ್ಟೇ ಮುಖ್ಯವಾದದ್ದು ಅವರ ಪಟ್ಟಿ. ಊರಿನಲ್ಲಿ ಎಲ್ಲೆಲ್ಲಿ ಏನೇನು ಕಾರ್ಯಕ್ರಮ ಇದೆ ಎಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಪ್ರತಿ ಶನಿವಾರ ಮಧ್ಯಾಹ್ನ ಓದುತ್ತಿದ್ದರು. ಜಾಝ್ ಮಾತ್ರ ಅಲ್ಲ. ತುಳು ನಾಟಕ, ಬ್ಯಾರಿಗಳ ರಕ್ತದಾನ ಶಿಬಿರ, ಫಿಲಿಪ್ಪೀನಿಗಳ ಹಾಡಿನ ಕೂಟ, ಯಾರದೋ ಚಿತ್ರ ಪ್ರದರ್ಶನ, ಎಲ್ಲವೂ ಅದರಲ್ಲಿ. ಓದುವುದು ಇಂಗ್ಲಿಷಿನಲ್ಲಿ, ಆದರೆ ಒಂದೊಂದರ ಕೊನೆಗೂ ನಮ್ಮ ಕಡೆಯ ಕನ್ನಡದಲ್ಲಿ "ಊಟ ಉಂಟು" ಅಥವಾ "ಊಟ ಇಲ್ಲ, ಚಾ ಮಾತ್ರ" ಎಂದು ಸೇರಿಸುತ್ತಿದ್ದರು. ಬೆಡ್ ಸ್ಪೇಸಿನಲ್ಲಿ, ಅಂದರೆ ಹಂಚಿಕೊಂಡ ಕೋಣೆಯ ಒಂದು ಬಾಡಿಗೆ ಮಂಚದಲ್ಲಿ, ಮಲಗುವ ಒಂಟಿ ಜನಕ್ಕೆ ಅದು ಗೊತ್ತಿರಬೇಕು ಎಂಬುದು ಅವರ ವಾದ. ಕೇಳಿ ಕೇಳಿ ನರ್ಸ್ ಕೂಡ "ಊಟ ಉಂಟು" ಎನ್ನಲು ಕಲಿತಿದ್ದರು. ಅವರ ಬಾಯಲ್ಲಿ ಅದು ಯಾವುದೋ ಸಿಹಿತಿಂಡಿಯ ಹೆಸರಿನ ಹಾಗೆ ಕೇಳುತ್ತಿತ್ತು.

ಮಾತು ಕೊಟ್ಟದ್ದು ಒಂದು ಮೀನೂಟದ ನಡುವೆ. ಅಂಕಲ್ ತಮ್ಮ ಅಪ್ಪನ ಬ್ಯಾಂಡಿನ ಕಥೆ ಹೇಳುತ್ತಿದ್ದರು. ಇಗರ್ಜಿಯಲ್ಲಿ ಮದುವೆಯಾದರೂ ಅದೇ ಬ್ಯಾಂಡ್, ಮರಣವಾದರೂ ಅದೇ ಬ್ಯಾಂಡ್. ಶವಪೆಟ್ಟಿಗೆಯ ಹಿಂದೆ ಸಿಮಿತ್ರಿ, ಅಂದರೆ ಅವರ ಸ್ಮಶಾನದವರೆಗೆ ನಡೆಯುವಾಗ ಅವರಪ್ಪ ಊದುತ್ತಿದ್ದ ಒಂದು ನಿಧಾನದ ಧಾಟಿ ಇತ್ತು. ಅದನ್ನು ಗುನುಗಿ ಗುನುಗಿ ಅಂಕಲ್ ಆಗಲೇ ನನಗೆ ಕಲಿಸಿಬಿಟ್ಟಿದ್ದರು.

"ನಾನು ಹೋದಾಗ ನೀನು ಇದನ್ನು ಊದಬೇಕು, ಆಯ್ತಾ? ಬೇರೆ ಯಾರಿಗೂ ಬರುವುದಿಲ್ಲ ಇದು."

"ಆಯ್ತು ಅಂಕಲ್. ಮೊದಲು ಬಂಗುಡೆ ತಿನ್ನಿ, ತಣ್ಣಗಾಗ್ತದೆ."

ಅಷ್ಟು ಸಲೀಸಾಗಿ ಒಪ್ಪಿಕೊಂಡೆ. ಗಲ್ಫಿನಲ್ಲಿರುವ ನಾವೆಲ್ಲ ಸಾಯುವುದು ಊರಿಗೆ ವಾಪಸಾದ ಮೇಲೆ ಎಂದು ನಂಬಿದವರು. ಅಂಕಲ್ ಇನ್ನೆರಡು ವರ್ಷದಲ್ಲಿ ಊರಿಗೆ ಹೋಗುತ್ತಾರೆ, ಅಲ್ಲಿ ಅವರಿಗೆ ಬ್ಯಾಂಡ್ ಸಿಗುತ್ತದೆ, ನನ್ನ ಸರದಿ ಬರುವುದೇ ಇಲ್ಲ ಎಂದುಕೊಂಡಿದ್ದೆ. ಸತ್ಯ ಹೇಳಬೇಕೆಂದರೆ ನಮ್ಮ ಮನೆಯ ಕಟ್ಟಳೆ ಆಗ ನೆನಪಿಗೇ ಬರಲಿಲ್ಲ. ದೇವರ ಸೇವೆಗೆ ಊದಿದ ವಾದ್ಯವನ್ನು ಸಾವಿಗೆ ಊದುವುದಿಲ್ಲ, ಸಾವಿನ ಕಡೆಯಿಂದ ಬಂದವರು ಆ ದಿನ ಪೂಜೆಗೆ ಊದುವುದೂ ಇಲ್ಲ. ಮಾವ ಇದನ್ನು ಕಲಿಸುವ ಮೊದಲ ದಿನವೇ ಹೇಳಿದ್ದರು.

ಒಂದು ಸೋಮವಾರ ಅಂಕಲ್ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದವರು ಹಾಗೆಯೇ ಮೇಜಿಗೆ ತಲೆಯಿಟ್ಟರು. ಆಸ್ಪತ್ರೆಗೆ ಮುಟ್ಟುವಾಗ ಖಲಾಸ್. ಕಾಗದಪತ್ರದ ಕೆಲಸಕ್ಕೆ ಬ್ಯಾರಿ ಮಾಲಕರು ಅಂಗಡಿ ಮುಚ್ಚಿ ಓಡಾಡಿದರು, ಗುರುವಾರ ದೇಹ ವಿಮಾನ ಹತ್ತಿತು. ನಾನು ಕಾರ್ಗೋ ವಿಭಾಗದವರೆಗೆ ಹೋಗಿದ್ದೆ. ದಿನವಿಡೀ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವವನು ನಾನು. ಆ ಪೆಟ್ಟಿಗೆಗೆ ಅಂಟಿಸಿದ ಚೀಟಿ ನೋಡಲಾಗದೆ ಹೊರಗೆ ಬಂದು ನಿಂತೆ.

ಸಂಜೆ ನರ್ಸ್ ಫೋನ್ ಮಾಡಿದರು. ಶನಿವಾರ ಮೂರು ಗಂಟೆಗೆ, ಅಂಕಲ್‌ರ ಕಾರ್ಯಕ್ರಮದ ಹೊತ್ತಿಗೇ, ಸ್ಟೇಷನ್ನಿನಲ್ಲಿ ಅವರ ನೆನಪಿನ ಕೂಟ, ನೇರ ಪ್ರಸಾರ. "ಅಂಕಲ್ ಗುನುಗುತ್ತಿದ್ದ ಆ ಧಾಟಿ ಊದಲು ನಿಮಗೆ ಮಾತ್ರ ಗೊತ್ತು. ಕೊನೆಗೆ ನಿಮ್ಮದು" ಎಂದರು.

ಅದೇ ಶನಿವಾರ ಸಂಜೆ ಆರಕ್ಕೆ ನಮ್ಮ ಸಂಘದ ಸತ್ಯನಾರಾಯಣ ಪೂಜೆ ಇತ್ತು. ನಾನು ಊದಬೇಕಿತ್ತು. ಇದನ್ನು ಹಾಗೆಯೇ ಹೇಳಿದ್ದರೆ ಆಗುತ್ತಿತ್ತು. ಆದರೆ ನಮ್ಮ ಕಟ್ಟಳೆಯನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವಾಗ ಅದು "ನಿಮ್ಮ ಅಂಕಲ್‌ರಿಂದ ನನಗೆ ಮೈಲಿಗೆ" ಎಂದ ಹಾಗಾಗುತ್ತದೆ ಎಂದು ನಾಚಿಕೆಯಾಯಿತು. "ಶನಿವಾರ ಕಂಟೇನರ್ ಬರ್ತದೆ, ಡ್ಯೂಟಿ ಇದೆ" ಎಂದುಬಿಟ್ಟೆ.

"ವಾದ್ಯ ಹೊತ್ತು ತರುವುದೇನೂ ಬೇಡ, ಇಲ್ಲಿ ಹಳೆಯ ಸ್ಯಾಕ್ಸೋಫೋನ್ ಒಂದಿದೆ. ಹತ್ತು ನಿಮಿಷ ಬಂದು ಹೋಗಿ" ಎಂದರು. ಆಗ ನನಗೆ ನನ್ನದೇ ಬಣ್ಣ ಕಂಡಿತು. ಮಾವನ ವಾದ್ಯದ ಮಡಿ ಕಾಯುವುದೇ ಮುಖ್ಯವಾಗಿದ್ದರೆ ಇದಕ್ಕೆ ಹೂಂ ಎನ್ನಬಹುದಿತ್ತು. ಪೂಜೆಗೆ ಬೇರೆಯವರನ್ನು ಗೊತ್ತುಮಾಡಿ ಎಂದು ಸಂಘದವರಿಗೆ ಹೇಳಬಹುದಿತ್ತು. ಊರಿಗೆ ಫೋನ್ ಮಾಡಿ ಮಾವನನ್ನಾದರೂ ಕೇಳಬಹುದಿತ್ತು. ಯಾವುದನ್ನೂ ಮಾಡಲಿಲ್ಲ. ಸಂಘದವರ ಬಾಯಿಗೆ ಬೀಳುವ ಹೆದರಿಕೆ, ಅಷ್ಟೇ. ಸೂತಕದವನು ಊದಿದ ಎಂದು ಒಬ್ಬರು ಅಂದರೆ ಸಾಕು, ಇಲ್ಲಿ ಎಲ್ಲ ವಾಟ್ಸಾಪ್ ಗ್ರೂಪಿಗೂ ಹೋಗುತ್ತದೆ. "ಸಾರಿ, ರಜೆ ಕೊಡುವುದಿಲ್ಲ" ಎಂದು ಫೋನ್ ಇಟ್ಟೆ.

ಶನಿವಾರ ನಾಲ್ಕರ ಮೇಲೆ ಜರಿಯಂಚಿನ ಪಂಚೆ ಬ್ಯಾಗಿಗೆ ಹಾಕಿ, ವಾದ್ಯದ ಪೆಟ್ಟಿಗೆ ಮೊಣಕಾಲ ನಡುವೆ ಇಟ್ಟುಕೊಂಡು ಮೆಟ್ರೋದಲ್ಲಿ ಕೂತಿದ್ದೆ. ಪೂಜೆಯ ಹಾಲ್ ಕೂಡ ದೇರಾದಲ್ಲೇ ಇತ್ತು, ರೇಡಿಯೋ ಸ್ಟೇಷನ್ನಿನಿಂದ ನಡೆದುಕೊಂಡು ಹೋಗುವಷ್ಟು ಹತ್ತಿರ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಅಂಕಲ್‌ರ ಕೂಟ ಕೇಳುತ್ತಿದ್ದೆ. ಒಬ್ಬರು ಪಿಯಾನೋ ನುಡಿಸಿದರು. ಬ್ಯಾರಿ ಮಾಲಕರು ಎರಡು ಮಾತಾಡಲು ಹೋಗಿ ಅತ್ತರು. ಅವರು ಅಳುವುದನ್ನು ನಾನು ಕೇಳಿದ್ದು ಅದೇ ಮೊದಲು. ಎದುರಿಗೆ ಕೂತ ಯಾರೋ ನನ್ನ ಮುಖ ನೋಡಿ ತಲೆ ಕೆಳಗೆ ಹಾಕಿದರು.

ಕೊನೆಗೆ ನರ್ಸ್ ಧ್ವನಿ ಬಂತು. "ಈಗ ಜೆಬೆಲ್ ಅಲಿಯ ನಮ್ಮ ಗೆಳೆಯ ಊದಬೇಕಿತ್ತು. ಪಾಪ, ಅವರಿಗೆ ಇವತ್ತು ಡ್ಯೂಟಿ. ಅವರು ಬಾರದ ಕಾರಣ ಆ ಹೊತ್ತಿಗೆ ಅಂಕಲ್‌ರ ಕೊನೆಯ ಪಟ್ಟಿ ಓದುತ್ತೇನೆ. ಕಳೆದ ಭಾನುವಾರವೇ ಬರೆದಿಟ್ಟಿದ್ದರು."

ಅಲ್ಲಿಗೆ ನನಗೆ ತಿಳಿಯಿತು. ನನ್ನ ಕಾರ್ಯಕ್ರಮ ಎಲ್ಲೇ ಇರಲಿ, ಅಂಕಲ್ ಅದನ್ನು ಪಟ್ಟಿಯಲ್ಲಿ ಬರೆಯದೆ ಬಿಡುತ್ತಿರಲಿಲ್ಲ.

ಒಂದು ಚಿತ್ರ ಪ್ರದರ್ಶನ. ಊಟ ಇಲ್ಲ, ಚಾ ಮಾತ್ರ. ಒಂದು ಗಾಯನ ಕೂಟ. ಊಟ ಉಂಟು. ಆಮೇಲೆ, "ಇವತ್ತು ಸಂಜೆ ಆರಕ್ಕೆ, ದೇರಾದಲ್ಲಿ, ತುಳುವರ ಸಂಘದ ಪೂಜೆ. ಸ್ಯಾಕ್ಸೋಫೋನ್..." ಎಂದು ಆಕೆ ನಿಂತರು. ಏಸಿಯ ಗೊರ ಗೊರ ಕೇಳುತ್ತಿತ್ತು. ನಂತರ, ಬರೆದದ್ದನ್ನು ಬರೆದ ಹಾಗೆಯೇ ಓದಿದರು. "ಸ್ಯಾಕ್ಸೋಫೋನ್, ನಮ್ಮ ಜೆಬೆಲ್ ಅಲಿಯ ಗೆಳೆಯ. ಎಲ್ಲರೂ ತಪ್ಪದೆ ಹೋಗಿ. ಊಟ ಉಂಟು."

ರೈಲು ನೆಲದೊಳಗೆ ಇಳಿಯಿತು. ಇಳಿದು ಹೊರಗೆ ಬಂದಾಗ ರೇಡಿಯೋ ಸ್ಟೇಷನ್ನಿನ ಕಡೆಗೆ ತಿರುಗುವ ರಸ್ತೆಯಲ್ಲಿ ಎರಡು ನಿಮಿಷ ನಿಂತೆ. ಈಗ ಓಡಿದರೂ ಸಿಗುತ್ತಾರೆ ಅನ್ನಿಸಿತು. ಯಾವ ಮುಖ ತೋರಿಸುವುದು? ಪೂಜೆಯ ಹಾಲ್‌ಗೆ ನಡೆದೆ.

ಪೂಜೆ ಶುರುವಾಗಿ, ನಾನು ಎರಡನೆಯ ಕೃತಿ ಊದುತ್ತಿರುವಾಗ ಹಿಂದಿನ ಬಾಗಿಲು ತೆರೆಯಿತು. ನರ್ಸ್, ಪಿಯಾನೋ ನುಡಿಸಿದವರು, ಬ್ಯಾರಿ ಮಾಲಕರು. ಮೊದಲಿನ ಇಬ್ಬರೂ ಕಪ್ಪು ಬಟ್ಟೆಯಲ್ಲಿದ್ದರು. ರೇಷ್ಮೆ ಸೀರೆಗಳ ನಡುವೆ ಮೂವರೂ ಸದ್ದಿಲ್ಲದೆ ಕೊನೆಯ ಸಾಲಿನಲ್ಲಿ ಕೂತರು. ನನ್ನ ಉಸಿರು ಒಂದು ಕಡೆ ತುಂಡಾಯಿತು, ಡೋಲಿನವನು ತಿರುಗಿ ನೋಡಿದ. ಅಂಕಲ್‌ರ ಆ ಧಾಟಿ ಬೆರಳ ತುದಿಯಲ್ಲೇ ಇತ್ತು. ನಾಲ್ಕು ಸ್ವರ ಊದಿದ್ದರೆ ಅಂಕಲ್ ಗುನುಗುವುದನ್ನು ಕೇಳಿದ್ದ ಆ ಮೂವರಿಗೆ ಗೊತ್ತಾಗುತ್ತಿತ್ತು, ಉಳಿದವರಿಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಗಲೂ ಊದಲಿಲ್ಲ. ಆರತಿಗೆ ಮಂಗಳ ಊದಿ ಮುಗಿಸಿದೆ.

ಬಾಗಿಲ ಬಳಿ ಅವರನ್ನು ಹಿಡಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಅಂಕಲ್ ಬರೆದಿದ್ದರಲ್ಲ, ತಪ್ಪದೆ ಹೋಗಿ ಅಂತ. ಅದಕ್ಕೆ ಬಂದೆವು" ಎಂದರು ನರ್ಸ್.

ಆಗ ಎಲ್ಲ ಹೇಳಿದೆ. ಡ್ಯೂಟಿ ಇರಲಿಲ್ಲ ಎಂದೆ. ಮಂಗಳವಾದ್ಯ ಎಂದರೇನು, ಸಾವಿನ ಕೂಟದಿಂದ ಬಂದವರು ಪೂಜೆಗೆ ಯಾಕೆ ಬರುವುದಿಲ್ಲ ಎಂದು ತೊದಲುತ್ತ ಬಿಡಿಸಿದೆ. ಆಕೆ ರೋಗಿಯ ಮಾತು ಕೇಳುವ ಹಾಗೆ ಪೂರ್ತಿ ಕೇಳಿದರು. ಆಮೇಲೆ ತಮ್ಮ ಕಪ್ಪು ಬಟ್ಟೆ ನೋಡಿಕೊಂಡು, ಗಾಬರಿಯಿಂದ ಕೇಳಿದರು. "ಅಯ್ಯೋ, ನಾವು ಅಲ್ಲಿಂದ ನೇರ ಇಲ್ಲಿಗೆ ಬಂದೆವಲ್ಲ. ತಪ್ಪಾಯಿತಾ?"

"ಇಲ್ಲ, ಇಲ್ಲ. ಏನೂ ತಪ್ಪಿಲ್ಲ" ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು. ಅದು ನಿಜವೂ ಆಗಿತ್ತು. ಹಾಲ್‌ನಲ್ಲಿ ಯಾರೊಬ್ಬರೂ ಅವರನ್ನು ಏನೂ ಕೇಳಿರಲಿಲ್ಲ. ಭಟ್ಟರು ತಾವೇ ಕರೆದು ಪ್ರಸಾದ ಕೊಟ್ಟಿದ್ದರು.

"ಹಾಗಾದರೆ ನೀವೂ ಬರಬಹುದಿತ್ತು" ಎಂದರು. ಅದರಲ್ಲಿ ದೂರು ಇರಲಿಲ್ಲ.

ಮುಂದಿನ ಎರಡು ಮೂರು ತಿಂಗಳಲ್ಲಿ ರೇಡಿಯೋ ನಿಂತುಹೋಯಿತು. ಪಟ್ಟಿ ಬರೆಯುವವರು ಇರಲಿಲ್ಲ, ಕೂಟ ಕರೆಯುವವರೂ ಇರಲಿಲ್ಲ. ಈಗ ಆ ಕೋಣೆಯ ತುಂಬ ಸೂಟ್‌ಕೇಸುಗಳಿವೆ. ಆ ಧಾಟಿ ನನಗೆ ಇನ್ನೂ ಬಾಯಿಪಾಠ. ಒಂದು ಸಲವೂ ಊದಿಲ್ಲ. ಯಾರಿಗೆಂದು ಊದಲಿ?

ಆ ಸಂಜೆ ಬಾಗಿಲ ಬಳಿ ಇಷ್ಟಾದ ಮೇಲೆ ನರ್ಸ್ ತಾವಾಗಿಯೇ ಕೇಳಿದರು, ಅವರ ಅದೇ ಉಚ್ಚಾರದಲ್ಲಿ, "ಊಟ ಉಂಟು?"

"ಉಂಟು" ಎಂದೆ. ಮೂವರನ್ನೂ ಒಳಗೆ ಕರೆದುಕೊಂಡು ಹೋಗಿ ಪಂಕ್ತಿಯಲ್ಲಿ ಕೂರಿಸಿ, ಎಲೆ ಹಾಕಿ, ನಾನೇ ಬಡಿಸಿದೆ. ಅಂಕಲ್‌ಗಾಗಿ ಆ ದಿನ ನಾನು ಮಾಡಿದ್ದು ಅಷ್ಟೇ.