ಗರಗಸಕ್ಕೆ ಮುಡಿಸಿದ ಸೇವಂತಿಗೆ

"ಕೈ ಬಿಟ್ರೂ ನಿಲ್ತಾ ಇಲ್ಲ ಕಣೇ!"

ಕಳೆದ ಭಾನುವಾರ ಬೆಳಿಗ್ಗೆ ಗೇಟಿನ ಕಡೆಯಿಂದ ನಮ್ಮ ಯಜಮಾನರ ಕೂಗು. ದೋಸೆಯನ್ನು ಕಾವಲಿಯ ಮೇಲೇ ಬಿಟ್ಟು ಓಡಿದೆ. ಅವರ ಕೈಯಲ್ಲಿ ಚೈನ್‌ಸಾ, ಅದೇ, ಪೆಟ್ರೋಲಿನಲ್ಲಿ ಓಡುವ ಮರ ಕೊಯ್ಯುವ ಗರಗಸ. ಆಕ್ಸಿಲರೇಟರ್ ಬಿಟ್ಟಿದ್ದಾರೆ, ಆದರೂ ಹಲ್ಲಿನ ಚೈನು ಸುತ್ತುತ್ತಲೇ ಇದೆ. ಅದರಿಂದ ಒಂದು ಮೊಳ ಕೆಳಗೆ ಅವರ ಪಾದ. ಪಾದಕ್ಕೆ ಹವಾಯಿ ಚಪ್ಪಲಿ!

"ಮೊದ್ಲು ಆಫ್ ಮಾಡ್ರೀ!" ಎಂದು ಕಿರುಚಿದೆ.

ಈ ಯಂತ್ರ ಬೊಮ್ಮನಹಳ್ಳಿಯ ಗುಜರಿಯಲ್ಲಿ ಸಿಕ್ಕಿದ್ದು. ನಮ್ಮವರು ಯೂಟ್ಯೂಬ್ ನೋಡಿಕೊಂಡು ಅದನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ್ದರು. (ಜೆ.ಪಿ. ನಗರದ ಎರಡು ಬೆಡ್‌ರೂಮ್ ಮನೆಗೆ ಚೈನ್‌ಸಾ ಯಾಕೆ ಎಂದು ಕೇಳಬೇಡಿ. ಕೇಳಿ ಕೇಳಿ ನನಗೇ ಸುಸ್ತಾಗಿದೆ.) ಮಳೆಗೆ ಹೊಂಗೆಯ ದೊಡ್ಡ ಕೊಂಬೆಯೊಂದು ಮುರಿದು ನಮ್ಮ ಗೇಟಿಗೆ ಅಡ್ಡ ಬಿತ್ತು ನೋಡಿ, ಅವರ ಮುಖದಲ್ಲಿ ಹಬ್ಬ.

"ಕ್ಲಚ್ ಪ್ರಾಬ್ಲಂ" ಎಂದರು. ನನ್ನ ಗೊಂದಲ ಶುರುವಾಗಿದ್ದೇ ಅಲ್ಲಿ. ಬನಶಂಕರಿ ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿ ಒತ್ತಿ ಎಡಗಾಲು ಸೋತವಳು ನಾನು. ಇದಕ್ಕೆ ಪೆಡಲ್ಲೇ ಇಲ್ಲ, ಕ್ಲಚ್ ಎಲ್ಲಿಂದ ಬಂತು? ಅವರು ವಿವರಿಸಿದರು. ಎಂಜಿನ್ ಜೋರಾದಾಗ ಕ್ಲಚ್ಚಿನ ತುಂಡುಗಳು ತಾವೇ ಅಗಲವಾಗಿ ಸುತ್ತಲಿನ ಡ್ರಮ್ಮನ್ನು ಹಿಡಿಯುತ್ತವಂತೆ, ಚೈನು ಓಡುತ್ತದಂತೆ. ನಿಧಾನವಾದಾಗ ಸ್ಪ್ರಿಂಗುಗಳು ಅವನ್ನು ಒಳಗೆಳೆದುಕೊಳ್ಳುತ್ತವಂತೆ, ಚೈನು ನಿಲ್ಲುತ್ತದಂತೆ. ನಿಲ್ಲಬೇಕಲ್ಲ?

ಸದ್ದು ಕೇಳಿ ಎದುರು ಮನೆ ಅಂಕಲ್ ಬಂದರು. "ಐಡ್ಲಿಂಗ್ ಜಾಸ್ತಿ ಇಟ್ಟಿದ್ದೀಯಪ್ಪ, ಸುಮ್ನಿದ್ರೂ ಎಂಜಿನ್ ಜೋರಾಗಿ ಓಡ್ತಿದೆ, ಸ್ಕ್ರೂ ತಿರುಗ್ಸು." ಇವರು ತಿರುಗಿಸಿದರು, ಎಂಜಿನ್ನೇ ಆಫ್ ಆಯಿತು. ಇನ್ನೊಂದು ಕಡೆಗೆ ತಿರುಗಿಸಿದರು, ಚೈನು ಮತ್ತೆ ಸುತ್ತಿತು. "ಐಡ್ಲಿಂಗ್ ಅಲ್ಲ ಬಿಡು, ನಾನು ಮೊದ್ಲೇ ಅಂದ್ಕೊಂಡೆ" ಎಂದರು ಅಂಕಲ್. ಯಾವಾಗ ಅಂದುಕೊಂಡರೋ!

ಕೊನೆಗೆ ಕವರ್ ಬಿಚ್ಚಿ ಡ್ರಮ್ ಹೊರಗೆಳೆದರೆ, ಒಳಗೆ ದಾರ! ಎಣ್ಣೆ ಕುಡಿದು ಕಪ್ಪಾಗಿ, ಕ್ಲಚ್ಚಿಗೂ ಡ್ರಮ್ಮಿಗೂ ನಡುವೆ ಬಿಗಿಯಾಗಿ ಸುತ್ತಿಕೊಂಡಿತ್ತು. ಜೊತೆಗೆ ಒಣಗಿದ ಸೇವಂತಿಗೆಯ ಎಸಳು.

ಆಯುಧ ಪೂಜೆಯ ದಿನ ಕಾರು, ಸ್ಕೂಟರು, ಮಿಕ್ಸಿ, ಈಳಿಗೆಮಣೆ ಎಲ್ಲಕ್ಕೂ ಹೂ ಮುಡಿಸುವವರು ನಮ್ಮ ಅತ್ತೆ. ಗರಗಸಕ್ಕೂ ಮುಡಿಸಿದ್ದರು. ಪೂಜೆಯಾದ ಮೇಲೆ ಗಾಡಿಯನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ಒಂದು ರೌಂಡ್ ಹೋಗಿ ಬರುತ್ತೇವಲ್ಲ? ಗರಗಸ ಎಲ್ಲಿಗೆ ಹೋದೀತು? ಹಾರ ಇದ್ದ ಹಾಗೇ ಸ್ಟಾರ್ಟ್ ಮಾಡಿ ರೇಸ್ ಕೊಟ್ಟಿದ್ದರು ನಮ್ಮವರು.

"ಅಮ್ಮಾ, ನಿನ್ನ ಹೂವಿಂದ ನನ್ನ ಕಾಲೇ ಹೋಗ್ತಿತ್ತು!"

"ಹೂ ಹಾಕಿದ್ದು ನಾನು. ಸ್ಟಾರ್ಟ್ ಮಾಡಿದ್ದು ಯಾರಪ್ಪ?" ಎಂದರು ಅತ್ತೆ. ಮಾತು ಖಡಕ್ಕಾಗಿತ್ತು, ಕಣ್ಣು ತುಂಬಿತ್ತು. ಮಗನಿಗೆ ಏನೂ ಆಗದಿರಲಿ ಎಂದೇ ಹಾಕಿದ ಹಾರ ಅದು.

ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ದಾರ ಬಿಡಿಸಿದರೆ ಅದರಡಿಯ ಸ್ಪ್ರಿಂಗು ಬಿರುಕು ಬಿಟ್ಟಿತ್ತು. ಹಳೆಯದನ್ನೇ ಒರೆಸಿ ಹಾಕಿದ್ದರಂತೆ. ("ಚೆನ್ನಾಗೇ ಕಾಣ್ತಿತ್ತು ಕಣೇ.") ಕೊಂಬೆ ಕೊಯ್ಯುವಾಗ ಅದು ಮುರಿದಿದ್ದರೆ ಚೈನು ನಿಲ್ಲುತ್ತಲೇ ಇರಲಿಲ್ಲ. ದಾರ ಸಿಕ್ಕಿಕೊಳ್ಳದಿದ್ದರೆ ಅದನ್ನು ಬಿಚ್ಚಿ ನೋಡುವವರಾದರೂ ಯಾರು?

ಹಾಗಾದರೆ ಹಾರ ಕೆಡಿಸಿತೋ, ಕಾಪಾಡಿತೋ? ತಪ್ಪು ದಾರದ್ದು ಎಂದರು ಇವರು. ಸ್ಪ್ರಿಂಗಿನದು ಎಂದರು ಅಂಕಲ್. ಅತ್ತೆ ಮಾತ್ರ ದೇವರ ಫೋಟೋ ಕಡೆ ನೋಡಿದರು. ನನಗೆ ಮೂವರೂ ಸರಿ ಅನ್ನಿಸಿ ತಲೆ ಕೆಟ್ಟುಹೋಗಿದೆ. ಸದ್ಯಕ್ಕೆ ಇವರಿಗೊಂದು ಜೊತೆ ಗಟ್ಟಿ ಬೂಟು ಆರ್ಡರ್ ಮಾಡಿದ್ದೇನೆ.

ನಿನ್ನೆ ಹೊಸ ಸ್ಪ್ರಿಂಗು ಬಂತು. ಜೋಡಿಸಿ ಏಳುವಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದೇ ಒಂದು ಸೇವಂತಿಗೆ, ದಾರವಿಲ್ಲದ್ದು.

ಬೇಡ ಅನ್ನುವ ಧೈರ್ಯ ಯಾರಿಗಿದೆ, ಹೇಳಿ?